ಬಿಸಿಲಿದ್ದರೂ ಮ್ಯಾಚ್ ರದ್ದು, ಹಿಮ ಬಿದ್ದರೂ ಆಟ: ಯಾವ ಚಳಿಯಲ್ಲಿ ಫುಟ್‌ಬಾಲ್ ಆಡಬಹುದು?

ಓದುಗರ ಪ್ರಶ್ನೆ: ಡಾಕ್ಟ್ರೇ, ನಾವು ಮೈಸೂರಿನ ಕುವೆಂಪುನಗರದವರು. ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಅಲ್ಲಿ ಭಾನುವಾರದ ಮ್ಯಾಚ್ ಆಡುವ ಒಂದು ಹವ್ಯಾಸಿ ಟೀಮಿಗೆ ಗೋಲ್‌ಕೀಪರ್. ಮೊನ್ನೆ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಹಿಮ ಉದುರುತ್ತಿತ್ತು, ಆದರೂ ಮ್ಯಾಚ್ ಆಡಿದರಂತೆ. ಮುಂದಿನ ವಾರ ಚೆನ್ನಾಗಿ ಬಿಸಿಲಿತ್ತು, ಆದರೆ ‘ಗ್ರೌಂಡ್ ಸರಿಯಿಲ್ಲ’ ಅಂತ ಮ್ಯಾಚ್ ರದ್ದು. ಇದೇನು ಲೆಕ್ಕಾಚಾರ ಅಂತ ನನಗೆ ತಿಳಿಯಲಿಲ್ಲ. ಅವನಿಗೆ ಚಿಕ್ಕಂದಿನಲ್ಲಿ ವೀಜಿಂಗ್ (ಉಬ್ಬಸ) ಇತ್ತು. ಇಲ್ಲಿ ಮಗಳು ಎಂಟನೇ ಕ್ಲಾಸು, ಅವಳೂ ಬೆಳಿಗ್ಗೆ ಆರಕ್ಕೆ ಫುಟ್‌ಬಾಲ್ ಕೋಚಿಂಗ್‌ಗೆ ಹೋಗುತ್ತಾಳೆ. ‘ಈ ಚಳಿಯಲ್ಲಿ ಕಳಿಸಬೇಡ, ಎದೆಗೆ ಶೀತ ಇಳಿಯುತ್ತೆ’ ಅಂತ ಅತ್ತೆ ದಿನಾ ಹೇಳುತ್ತಾರೆ. ಇಂಥ ಚಳಿಯಲ್ಲಿ ಮ್ಯಾಚ್ ಆಡಿಸೋದು ಸರಿಯಾ? ಮಗನಿಗೆ ಆಡಬೇಡ ಅನ್ನಲಾ? ಮಗಳನ್ನ ನಿಲ್ಲಿಸಲಾ?

ಉತ್ತರ: ಮಗನಿಗೆ ಆಡಬೇಡ ಅನ್ನಬೇಡಿ. ಮಗಳನ್ನೂ ನಿಲ್ಲಿಸಬೇಡಿ, ಆದರೆ ಅವಳ ಟೈಮು ಬದಲಾಯಿಸಿ. ಅದಕ್ಕೆ ಕಾರಣ ಚಳಿಯಲ್ಲ, ಏನು ಅಂತ ಕೊನೆಯಲ್ಲಿ ಹೇಳುತ್ತೇನೆ. ಇನ್ನು ಚಳಿಯಲ್ಲಿ ಮ್ಯಾಚ್ ಆಡಿಸೋದು ಸರಿಯಾ ಅನ್ನೋ ಪ್ರಶ್ನೆ. ನಾವೆಲ್ಲ ಮೊದಲು ನೋಡೋದು ಮೊಬೈಲಿನಲ್ಲಿ ಎಷ್ಟು ಡಿಗ್ರಿ ಇದೆ ಅಂತ. ಆದರೆ ಮ್ಯಾಚು ನಡೆಯಬೇಕೋ ಬೇಡವೋ ಅನ್ನೋದನ್ನ ಡಿಗ್ರಿ ಒಂದೇ ತೀರ್ಮಾನ ಮಾಡೋದಿಲ್ಲ. ನೆಲ ಹೇಗಿದೆ, ಮೈಮೇಲಿನ ಬಟ್ಟೆ ಒದ್ದೆಯಾಗಿದೆಯಾ, ಗಾಳಿ ಬೀಸುತ್ತಿದೆಯಾ, ಮತ್ತು ‘ಇವತ್ತು ಬೇಡ’ ಅನ್ನೋ ಅಧಿಕಾರ ಯಾರ ಕೈಯಲ್ಲಿದೆ, ಇವೇ ಮುಖ್ಯ. ಈ ಕೊನೇದು ಇದೆಯಲ್ಲ, ಲೀಡ್ಸ್ ಆಗಲಿ ಮಂಡ್ಯ ಆಗಲಿ, ಆಟಗಾರರಿಗೆ ಏಟು ಬೀಳೋದು ಹೆಚ್ಚಾಗಿ ಅದು ಸರಿಯಿಲ್ಲದ ಕಡೆ.

ನಾನು ಕ್ರೀಡಾ ವೈದ್ಯ. ಇಲ್ಲಿಗೆ ವಾಪಸ್ ಬರುವ ಮುಂಚೆ ಕೆಲವು ವರ್ಷ ಉತ್ತರ ಇಂಗ್ಲೆಂಡಿನಲ್ಲಿ ಇದ್ದೆ, ವಾರದ ಕೊನೆಯಲ್ಲಿ ಮೈದಾನದ ಗೆರೆಯಾಚೆ ಔಷಧದ ಬ್ಯಾಗು ಹಿಡಿದು ನಿಲ್ಲೋದು ನನ್ನ ಕೆಲಸದ ಒಂದು ಭಾಗವಾಗಿತ್ತು. ಹಾಗಾಗಿ ನಿಮ್ಮ ಮಗ ಹೇಳಿದ್ದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ.

ಹಿಮ ಬಿದ್ದ ದಿನ ಆಟ, ಬಿಸಿಲಿನ ದಿನ ರದ್ದು. ಕೇಳೋಕೆ ತಲೆಕೆಳಗು ಅನಿಸುತ್ತೆ, ಆದರೆ ಎರಡು ದಿನವೂ ಅವರು ಸರಿಯಾಗೇ ಮಾಡಿದ್ದಾರೆ. ಮೋಡ ಮುಚ್ಚಿದ ರಾತ್ರಿ ನೆಲದ ಕಾವು ಅಷ್ಟು ಬೇಗ ಆರಿಹೋಗುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹಿಮ ಉದುರಿದರೂ ಕೆಳಗಿನ ಮಣ್ಣು ಮೆತ್ತಗೇ ಇರುತ್ತದೆ, ಶೂ ಅಡಿಯ ಸ್ಟಡ್ ನೆಲಕ್ಕೆ ಕಚ್ಚುತ್ತದೆ, ಬಿದ್ದರೆ ಮಣ್ಣು ಮೆತ್ತುತ್ತದೆ ಅಷ್ಟೆ. ಗೆರೆ ಕಾಣುವಷ್ಟು ಹಿಮ ಗುಡಿಸಿ, ಕಿತ್ತಳೆ ಬಣ್ಣದ ಚೆಂಡು ಹಾಕಿ ಆಡಿಸುತ್ತಾರೆ. ಅದೇ ಆಕಾಶ ತಿಳಿಯಾದ ರಾತ್ರಿ ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ಹಿಂದಿನ ವಾರದ ಆಟದಲ್ಲಿ ಕಿತ್ತುಬಂದ ಮಣ್ಣು, ಸ್ಟಡ್ ಗುರುತು, ಕಾಲು ಜಾರಿದ ಗೀರು ಎಲ್ಲವೂ ಹಾಗೇ ಗಟ್ಟಿಯಾಗುತ್ತವೆ. ನಮ್ಮ ಕಡೆ ಗದ್ದೆ ಬದುವಿನಲ್ಲಿ ಎತ್ತಿನ ಗೊರಸಿನ ಗುರುತು ಬಿಸಿಲಿಗೆ ಒಣಗಿ ಕಲ್ಲಿನ ಹಾಗೆ ಆಗುತ್ತದಲ್ಲ, ಬರಿಗಾಲಲ್ಲಿ ತುಳಿದರೆ ಜೀವ ಹೋದ ಹಾಗಾಗುತ್ತೆ, ಹಾಗೆ. ಅದರ ಮೇಲೆ ಓಡುವಾಗ ಹಿಮ್ಮಡಿ ಹೊರಳುತ್ತದೆ, ಬಿದ್ದರೆ ಮೊಣಕೈ, ಸೊಂಟ, ತಲೆ ಕಾಂಕ್ರೀಟಿಗೆ ಬಡಿದಂತೆ ಬಡಿಯುತ್ತದೆ. ಹೆಪ್ಪುಗಟ್ಟಿದ ಮೈದಾನದಲ್ಲಿ ನನಗೆ ಮೂಳೆ ಮುರಿತಕ್ಕಿಂತ ಜಾಸ್ತಿ ಭಯ ಇದ್ದದ್ದು ತಲೆ ಏಟಿನದು.

ಇನ್ನೂ ಕೆಟ್ಟದ್ದು ಅಂದರೆ ಹನ್ನೊಂದು ಗಂಟೆ ಬಿಸಿಲು. ಮೇಲಿನ ಒಂದೆರಡು ಅಂಗುಲ ಕರಗಿ ಕೆಸರಾಗುತ್ತದೆ, ಕೆಳಗೆ ಮಾತ್ರ ಇನ್ನೂ ಮಂಜುಗಡ್ಡೆ. ನೋಡಿದವರಿಗೆ ‘ಈಗ ಸರಿಯಾಯ್ತಲ್ಲ’ ಅನಿಸುತ್ತದೆ. ಸ್ಟಡ್ ಕೆಸರಿನಲ್ಲಿ ಇಳಿದು ಕೆಳಗಿನ ಐಸಿಗೆ ತಾಗಿ ಸರ್ರನೆ ಜಾರುತ್ತದೆ.

ಮೈದಾನ ಪರೀಕ್ಷೆ ಮಾಡುವ ಅನುಭವಿ ರೆಫರಿಯನ್ನ ಒಮ್ಮೆ ಗಮನಿಸಬೇಕು. ಅವರು ಮೈದಾನದ ಮಧ್ಯಕ್ಕೆ ಹೋಗೋದೇ ಇಲ್ಲ, ನೇರ ನೆರಳಿರುವ ಮೂಲೆಗೆ ಹೋಗುತ್ತಾರೆ. ಮರದ ಕೆಳಗೋ ಸ್ಟ್ಯಾಂಡ್ ಬುಡದಲ್ಲೋ ಬಿಸಿಲೇ ತಾಗದ ಜಾಗ ಇರುತ್ತದಲ್ಲ, ಅಲ್ಲಿಗೆ. ಹಿಮ್ಮಡಿ ಊರಿ ಪೂರ್ತಿ ಭಾರ ಬಿಟ್ಟು ತಿರುಗುತ್ತಾರೆ. ಮಣ್ಣು ಬಿಟ್ಟುಕೊಡದೆ ಶೂ ಮೇಲೇ ಗಿರಕಿ ಹೊಡೆದರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಗೋಲ್ ಬಾಯಿಯಲ್ಲಿ ಮಂಡಿಯೂರಿ ಬೆರಳು ಒತ್ತಿ ನೋಡುತ್ತಾರೆ, ಯಾಕಂದರೆ ಅಲ್ಲಿ ಹುಲ್ಲು ಕಡಿಮೆ, ಗೋಲ್‌ಕೀಪರ್ ಬೀಳೋದೂ ಅಲ್ಲೇ. ಚೆಂಡನ್ನ ಎದೆ ಎತ್ತರದಿಂದ ಬಿಟ್ಟು ಪುಟಿಯೋದನ್ನ ನೋಡುತ್ತಾರೆ. ಮೈದಾನದ ಮುಕ್ಕಾಲು ಭಾಗ ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಕಲ್ಲಾಗಿದ್ದರೂ ಮ್ಯಾಚ್ ರದ್ದು. ಆಟಗಾರ ಪೂರ್ತಿ ವೇಗದಲ್ಲಿ ಮೆತ್ತನೆ ನೆಲದಿಂದ ಗಟ್ಟಿ ನೆಲಕ್ಕೆ ಕಾಲಿಡುವ ಆ ಒಂದು ಹೆಜ್ಜೆಯೇ ಸಾಕು ಮಂಡಿ ಹೋಗೋಕೆ.

‘ಟಿವಿಯಲ್ಲಿ ದೊಡ್ಡ ಟೀಮುಗಳು ಇಂಥ ಚಳಿಯಲ್ಲೂ ಆಡ್ತಾವಲ್ಲ’ ಅಂತ ನಿಮ್ಮ ಮಗ ಹೇಳಬಹುದು. ಅವರ ನೆಲವೇ ಬೇರೆ. ಪ್ರೀಮಿಯರ್ ಲೀಗ್ ಮೈದಾನಗಳ ಹುಲ್ಲಿನ ಕೆಳಗೆ ಬಿಸಿ ಮಾಡುವ ವ್ಯವಸ್ಥೆ ಇರಲೇಬೇಕು. 1958ರಲ್ಲಿ ಎವರ್ಟನ್ ಕ್ಲಬ್ ತನ್ನ ಗುಡಿಸನ್ ಪಾರ್ಕ್ ನೆಲದಡಿ ವಿದ್ಯುತ್ ತಂತಿ ಹಾಸಿ ಇದನ್ನ ಶುರುಮಾಡಿತು. ಹಿಮವೇನೋ ಕರಗಿತು, ಕರಗಿದ ನೀರು ಹರಿದುಹೋಗೋಕೆ ಚರಂಡಿ ಸಾಲಲಿಲ್ಲ, ಕೊನೆಗೆ ಮೈದಾನ ಅಗೆದು ಹೊಸ ಚರಂಡಿ ಹಾಕಬೇಕಾಯಿತು. ಅಷ್ಟೆಲ್ಲ ಇದ್ದರೂ ಒಮ್ಮೊಮ್ಮೆ ಆಗೋದಿಲ್ಲ. 2021ರ ನವೆಂಬರ್ 28ರಂದು ಬರ್ನ್ಲಿ ಮತ್ತು ಟಾಟನಮ್ ಮ್ಯಾಚು ಶುರುವಾಗೋಕೆ ಒಂದು ಗಂಟೆಯೂ ಇಲ್ಲ ಅನ್ನುವಾಗ ರದ್ದಾಯಿತು, ಗುಡಿಸಿದಷ್ಟೂ ಹಿಮ ಬೀಳುತ್ತಲೇ ಇತ್ತು. ಭಾನುವಾರದ ಹವ್ಯಾಸಿ ಟೀಮುಗಳು ಆಡೋದು ಹೆಚ್ಚಾಗಿ ಊರಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದರ ಪಾರ್ಕಿನಲ್ಲಿ. ಅಲ್ಲಿ ಬಿಸಿ ತಂತಿಯೂ ಇಲ್ಲ, ಏನೂ ಇಲ್ಲ. ಅಲ್ಲಿನ ನೆಲ ನೋಡಿಕೊಳ್ಳುವವರು ಬೇಡ ಅಂದರೆ ಮುಗೀತು, ರೆಫರಿಯನ್ನ ಕೇಳುವ ಪ್ರಶ್ನೆಯೇ ಬರೋದಿಲ್ಲ.

ಇನ್ನು ಮೈಗೆ ಚಳಿ ಏನು ಮಾಡುತ್ತದೆ ಅನ್ನೋದು. ಓಡುವಾಗ ನಮ್ಮ ಸ್ನಾಯುಗಳು ಬಹಳ ಶಾಖ ಹೊರಹಾಕುತ್ತವೆ. ಸೊನ್ನೆ ಡಿಗ್ರಿಯಲ್ಲೂ ಹತ್ತು ನಿಮಿಷ ಓಡಿದ ಹುಡುಗನಿಗೆ ಬೆವರು ಬರುತ್ತದೆ. ಗಾಳಿ ಇಲ್ಲದ, ಒಣ ಚಳಿಯಲ್ಲಿ, ಮೈನಸ್ ಒಂದೋ ಎರಡೋ ಇದ್ದರೂ, ಆರೋಗ್ಯವಂತ ಹುಡುಗರು ತೊಂಬತ್ತು ನಿಮಿಷ ಆಡಿದರೆ ಏನೂ ಆಗೋದಿಲ್ಲ. ಜನ ನಂಬದ ಮಾತೊಂದು ಹೇಳುತ್ತೇನೆ: ನಾಲ್ಕು ಡಿಗ್ರಿ ಇದ್ದು ಮಳೆ ಹನಿಯುತ್ತಾ ಗಾಳಿ ಬೀಸುವ ದಿನ, ಮೈನಸ್ ನಾಲ್ಕು ಇದ್ದು ಒಣಗಿರುವ ದಿನಕ್ಕಿಂತ ಅಪಾಯ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಒದ್ದೆ ಜೆರ್ಸಿ, ಅದರ ಮೇಲೆ ಗಾಳಿ, ಮತ್ತು ಆಟಗಾರ ಒಂದೇ ಕಡೆ ನಿಂತಿರೋದು, ಈ ಮೂರೂ ಸೇರಿದರೆ ಮೈ ಕಾವು ಇಳಿಯೋಕೆ ಶುರುವಾಗುತ್ತದೆ. ನಮ್ಮ ಒಳಮೈ ಕಾವು ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗೆ ಹೋದರೆ ಹೈಪೋಥರ್ಮಿಯಾ. ಬರೀ ಎರಡು ಡಿಗ್ರಿ ವ್ಯತ್ಯಾಸ ನೋಡಿ.

ಒಂದೇ ಕಡೆ ನಿಲ್ಲೋನು ಯಾರು? ಗೋಲ್‌ಕೀಪರ್. ನಿಮ್ಮ ಮಗ. ಇನ್ನೊಬ್ಬರು ಬೆಂಚಿನ ಮೇಲೆ ಕೂತ ಬದಲಿ ಆಟಗಾರರು. 2022ರ ಫೆಬ್ರವರಿ 2ರಂದು ಅಮೆರಿಕದ ಮಿನೆಸೋಟಾದಲ್ಲಿ ವಿಶ್ವಕಪ್ ಅರ್ಹತೆಯ ಮ್ಯಾಚ್ ನಡೆಯಿತು, ಅಮೆರಿಕ ಮತ್ತು ಹೊಂಡುರಾಸ್ ನಡುವೆ. ಆಟ ಶುರುವಾದಾಗ ಸುಮಾರು ಮೈನಸ್ 16 ಡಿಗ್ರಿ, ಗಾಳಿ ಬೇರೆ. ಹೊಂಡುರಾಸ್‌ನ ಇಬ್ಬರು ಆಟಗಾರರು ಚಳಿ ತಡೆಯಲಾಗದೆ ವಿರಾಮದ ನಂತರ ಮೈದಾನಕ್ಕೆ ಬರಲೇ ಇಲ್ಲ, ಅವರಲ್ಲಿ ಒಬ್ಬರು ಗೋಲ್‌ಕೀಪರ್. ಆ ಮ್ಯಾಚ್ ಆಡಿಸಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಬಿಸಿ ದೇಶದಿಂದ ಬಂದವರನ್ನ ಅಂಥ ಊರಿಗೆ ಫೆಬ್ರವರಿ ರಾತ್ರಿ ಕರೆದು ಆಡಿಸೋದು ಕ್ರೀಡೆಯ ಲೆಕ್ಕವಾಗಿರಬಹುದು, ವೈದ್ಯನಾಗಿ ನನಗೆ ಒಪ್ಪಿಗೆಯಿಲ್ಲ.

ಮಗನಿಗೆ ಮೂರು ಗುರುತು ಹೇಳಿಕೊಡಿ, ಅವನ ಟೀಮಿನವರಿಗೂ ಹೇಳಲಿ. ಮಾತು ತೊದಲುವುದು, ಕಾಲು ಎಡವುವುದು, ಬೆರಳು ಮಾತು ಕೇಳದೆ ಶೂ ಲೇಸು ಕಟ್ಟೋಕೂ ಬಾರದಿರುವುದು. ನಡುಗುತ್ತಿರುವವನು ಇನ್ನೂ ಪರವಾಗಿಲ್ಲ, ಮೈ ತನ್ನ ಕೆಲಸ ಮಾಡುತ್ತಿದೆ. ನಡುಗುತ್ತಿದ್ದವನು ನಡುಕ ನಿಲ್ಲಿಸಿ ಮಂಕಾದರೆ, ‘ನಂಗೇನಾಗಿಲ್ಲ, ಬಿಡಿ’ ಅಂದರೆ, ಅವನನ್ನ ತಕ್ಷಣ ಒಳಗೆ ಕರೆದುಕೊಂಡು ಹೋಗಿ ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಕಂಬಳಿ ಹೊದಿಸಿ ಆಂಬುಲೆನ್ಸಿಗೆ ಫೋನ್ ಮಾಡಬೇಕು. ಬೆರಳು ಬರೀ ಮರಗಟ್ಟಿದ್ದರೆ ಕಂಕುಳಲ್ಲಿ ಇಟ್ಟುಕೊಂಡರೂ ಸಾಕು, ಇಲ್ಲಾ ಉಗುರುಬೆಚ್ಚಗಿನ ನೀರಿನಲ್ಲಿಡಬೇಕು. ಉಜ್ಜಬಾರದು. ಹೀಟರ್ ಮುಂದೆ ಹಿಡಿಯಲೇಬಾರದು, ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ಗೊತ್ತಾಗೋದಿಲ್ಲ.

ನಂಬಿಕೆಗಳ ವಿಷಯಕ್ಕೆ ಬರೋಣ. ‘ಒಂದು ಗುಟುಕು ಬ್ರಾಂದಿ ಹಾಕಿದರೆ ಮೈ ಬೆಚ್ಚಗಾಗುತ್ತೆ’ ಅನ್ನೋದು ಇಲ್ಲೂ ಇದೆ, ಅಲ್ಲೂ ಇದೆ. ಪೂರ್ತಿ ತಪ್ಪು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಅದಕ್ಕೇ ಬೆಚ್ಚಗೆ ಅನಿಸೋದು, ಆದರೆ ಆ ಶಾಖ ಅಲ್ಲಿಂದ ಸೀದಾ ಹೊರಗೆ ಹೋಗುತ್ತದೆ. ಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡರೆ ವಾರ್ಮ್ ಅಪ್ ಆಯ್ತು ಅನ್ನೋದೂ ಹಾಗೇ. ಚರ್ಮಕ್ಕೆ ಉರಿ ಅನಿಸುತ್ತದೆ, ಒಳಗಿನ ಸ್ನಾಯು ಎಷ್ಟು ತಣ್ಣಗಿತ್ತೋ ಅಷ್ಟೇ ಇರುತ್ತದೆ. ತಣ್ಣಗಿನ ಸ್ನಾಯು ನಿಧಾನವಾಗಿ ಕೆಲಸ ಮಾಡುತ್ತದೆ, ಜಗ್ಗಿದರೆ ಬೇಗ ಹರಿಯುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಓಡಿಯೇ ಬಿಸಿ ಮಾಡಬೇಕು, ಬೇರೆ ದಾರಿಯಿಲ್ಲ. ಚಳಿಯಲ್ಲಿ ನೀರು ಬೇಡ ಅನ್ನೋದೂ ತಪ್ಪು, ಬಾಯಾರಿಕೆ ಗೊತ್ತಾಗೋದಿಲ್ಲ ಅಷ್ಟೆ, ಬೆವರು ಹೋಗುತ್ತಲೇ ಇರುತ್ತದೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ನೆಗಡಿ ಬರೋದು ವೈರಸ್‌ನಿಂದ, ಚಳಿಗಾಳಿಯಿಂದಲ್ಲ. ಆದರೆ ತಣ್ಣನೆ ಗಾಳಿ ಮೂಗಿನ ಒಳಪದರದ ಕಾವಲನ್ನ ಸ್ವಲ್ಪ ಸಡಿಲ ಮಾಡುತ್ತದೆ, ಜನ ಕಿಟಕಿ ಬಾಗಿಲು ಮುಚ್ಚಿಕೊಂಡು ಒಟ್ಟಿಗೆ ಇರುವ ಕಾಲವೂ ಅದೇ, ಹಾಗಾಗಿ ನೆಗಡಿ ಜಾಸ್ತಿ. ಇನ್ನು ಉಬ್ಬಸದ ಪ್ರವೃತ್ತಿ ಇರುವವರಿಗೆ ಚಳಿಗಾಳಿ ನಿಜವಾಗಲೂ ತೊಂದರೆ ಕೊಡುತ್ತದೆ. ಜೋರಾಗಿ ಓಡುವಾಗ ಬಾಯಲ್ಲಿ ಉಸಿರಾಡುತ್ತೇವೆ, ಮೂಗಿನಲ್ಲಿ ಬೆಚ್ಚಗಾಗಿ ತೇವವಾಗಿ ಹೋಗಬೇಕಾದ ಗಾಳಿ ಒಣಗಿ ತಣ್ಣಗೇ ಶ್ವಾಸನಾಳಕ್ಕೆ ಹೋಗುತ್ತದೆ, ಅದು ಕೆರಳಿ ಕಿರಿದಾಗುತ್ತದೆ. ಇದು ಆಟದ ಮಧ್ಯೆಗಿಂತ ನಿಲ್ಲಿಸಿದ ಐದು ಹತ್ತು ನಿಮಿಷದಲ್ಲಿ ಜಾಸ್ತಿ ಕಾಣಿಸುತ್ತದೆ. ಕೆಮ್ಮು, ಎದೆ ಬಿಗಿತ, ಸುಂಯ್ ಅನ್ನೋ ಸದ್ದು. ‘ಸ್ಟ್ಯಾಮಿನಾ ಇಲ್ಲ’ ಅಂತ ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಇರೋದು ಇದೇ ತೊಂದರೆ. ನಿಮ್ಮ ಮಗನಿಗೆ ಈಗಲೂ ಹೀಗಾಗುತ್ತಾ ಅಂತ ನೇರವಾಗಿ ಕೇಳಿ. ಆಗುತ್ತಿದ್ದರೆ ಅಲ್ಲಿನ ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳಲಿ. ಅಲ್ಲಿಯವರೆಗೆ ಹೆಪ್ಪುಗಟ್ಟುವ ಚಳಿಯಲ್ಲಿ ಹೊರಗೆ ಆಡೋದು ಬೇಡ. ವಾರ್ಮ್ ಅಪ್ ಮಾಡುವಾಗ ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಸುತ್ತಿಕೊಂಡರೆ ಬಹಳ ಅನುಕೂಲ. ಆದರೆ ಮ್ಯಾಚಿನಲ್ಲಿ ಕುತ್ತಿಗೆಗೆ ಹಾಕುವ ಸ್ನೂಡ್‌ಗೆ 2011ರಿಂದ ನಿಯಮದಲ್ಲೇ ನಿಷೇಧ ಇದೆ, ಎಳೆದರೆ ಕುತ್ತಿಗೆಗೆ ಅಪಾಯ ಅಂತ. ಗ್ಲೌಸು, ಒಳಗೆ ಮೈಗಂಟುವ ಉದ್ದ ತೋಳಿನ ಬನಿಯನ್ನು ಹಾಕಿಕೊಳ್ಳಬಹುದು. ಅದು ಹತ್ತಿಯದ್ದಾಗಬಾರದು, ಹತ್ತಿ ಬೆವರು ಹಿಡಿದಿಟ್ಟುಕೊಂಡು ತಣ್ಣಗಾಗುತ್ತದೆ.

ಹಾಗಾದರೆ ಚಳಿ ಜೋರಾದ ದಿನ ಆಡಿಸುವವರ ಮುಂದೆ ಏನೇನು ದಾರಿ ಇದೆ? ಆಟವನ್ನ ಮಧ್ಯಾಹ್ನಕ್ಕೆ ಮುಂದೂಡಬಹುದು. ಸುಲಭ, ಬಹಳ ಸಲ ಸಾಕಾಗುತ್ತದೆ, ಆದರೆ ನಾನು ಮೇಲೆ ಹೇಳಿದ ಅರ್ಧ ಕರಗಿದ ನೆಲದ ಅಪಾಯ ಇದೆ, ಇನ್ನೊಮ್ಮೆ ನೆರಳಿನ ಮೂಲೆ ನೋಡದೆ ಶುರುಮಾಡಬಾರದು. ಕೃತಕ ಹುಲ್ಲಿಗೆ ಹೋಗಬಹುದು. ಮಣ್ಣು ಕಲ್ಲಾಗುವ ತೊಂದರೆ ಅಲ್ಲಿ ಕಡಿಮೆ, ಆದರೆ ಅದೂ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಕೃತಕ ಹುಲ್ಲು ಜಾರುತ್ತದೆ. ಪೂರ್ತಿ ರದ್ದು ಮಾಡಬಹುದು. ಅದಕ್ಕೂ ಬೆಲೆ ಇದೆ. 1962–63ರ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಎಷ್ಟು ಹಿಮ ಬಿತ್ತು ಅಂದರೆ ಅಲ್ಲಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ ಮೂರನೇ ಸುತ್ತು ಮುಗಿಯೋಕೆ 66 ದಿನ ಹಿಡಿಯಿತು. ಬೋಲ್ಟನ್ ಟೀಮು ಡಿಸೆಂಬರ್ 8ರಿಂದ ಫೆಬ್ರವರಿ 16ರವರೆಗೆ ಒಂದೂ ಮ್ಯಾಚ್ ಆಡಲಿಲ್ಲ. ಹ್ಯಾಲಿಫ್ಯಾಕ್ಸ್ ಕ್ಲಬ್ಬಿನವರು ತಮ್ಮ ಮೈದಾನವನ್ನ ಐಸ್ ಸ್ಕೇಟಿಂಗ್‌ಗೆ ಬಿಟ್ಟು ದುಡ್ಡು ಮಾಡಿಕೊಂಡರು. ಫೈನಲ್ ಮೇ 25ಕ್ಕೆ ಹೋಯಿತು. ಉಳಿದ ಮ್ಯಾಚುಗಳನ್ನೆಲ್ಲ ವಸಂತದಲ್ಲಿ ಒತ್ತೊತ್ತಾಗಿ ಆಡಬೇಕಾಯಿತು. ಹಾಗೆ ಮೂರು ಮೂರು ದಿನಕ್ಕೊಂದು ಆಡಿದರೆ ತೊಡೆಯ ಸ್ನಾಯು ಹರಿದುಕೊಂಡು ಬರುವವರ ಸಾಲೇ ನಿಲ್ಲುತ್ತದೆ. ಹಾಗಾಗಿ ರದ್ದು ಮಾಡಿದವರು ಮುಂದಿನ ವೇಳಾಪಟ್ಟಿಯನ್ನೂ ಯೋಚನೆ ಮಾಡಬೇಕು.

ನನ್ನ ಕೇಳಿದರೆ ಸರಿಯಾದ ದಾರಿ ಚಳಿಗಾಲಕ್ಕೆ ಬಿಡುವು ಕೊಡೋದು. ನಾರ್ವೆ, ಸ್ವೀಡನ್‌ಗಳಲ್ಲಿ ಲೀಗ್ ವಸಂತದಲ್ಲಿ ಶುರುವಾಗಿ ಚಳಿಗಾಲ ಬರುವಷ್ಟರಲ್ಲಿ ಮುಗಿಯುತ್ತದೆ. ಜರ್ಮನಿಯಲ್ಲಿ ಡಿಸೆಂಬರ್ ಕೊನೆಯಿಂದ ಕೆಲವು ವಾರ ನಿಲ್ಲಿಸುತ್ತಾರೆ. ಬಿಸಿಲಿಗೆ ಹೆದರಿ ಕತಾರ್‌ನ 2022ರ ವಿಶ್ವಕಪ್ಪನ್ನೇ ನವೆಂಬರ್ ಡಿಸೆಂಬರ್‌ಗೆ ತಳ್ಳಿದವರು, ಚಳಿಗೂ ಕ್ಯಾಲೆಂಡರ್ ಬದಲಾಯಿಸಬಹುದು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಮಾರನೇ ದಿನದ ಮ್ಯಾಚು ಅಂದರೆ ಹಬ್ಬದ ಹಾಗೆ, ಅದನ್ನ ಬಿಡೋಕೆ ಜನ ಒಪ್ಪೋದಿಲ್ಲ. ಅದು ನನಗೂ ಅರ್ಥವಾಗುತ್ತದೆ, ಆ ದಿನದ ಸಂಭ್ರಮ ನೋಡಿದವನು ನಾನು. ಹಾಗಿದ್ದರೂ ಶಾಲಾ ಮಕ್ಕಳ ಲೀಗುಗಳನ್ನಾದರೂ ಜನವರಿಯಲ್ಲಿ ನಿಲ್ಲಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳ ಮೈ ಸಣ್ಣದು, ಬೇಗ ತಣ್ಣಗಾಗುತ್ತದೆ, ಮತ್ತು ‘ನನಗೆ ಆಗ್ತಿಲ್ಲ’ ಅಂತ ಕೋಚ್‌ಗೆ ಹೇಳೋಕೆ ಅವರಿಗೆ ಧೈರ್ಯ ಸಾಲದು.

‘ಇವತ್ತು ಬೇಡ’ ಅನ್ನೋರು ಯಾರು ಅನ್ನೋ ಮಾತು ನಮ್ಮ ಊರಿಗೂ ಬರುತ್ತದೆ. ಹಿಮ ಇಲ್ಲದಿದ್ದರೂ ಬರುತ್ತದೆ. ಮಂಡ್ಯದಲ್ಲಿ ಒಂದು ಶಾಲಾ ಟೂರ್ನಿಮೆಂಟ್ ಅಂತ ಇಟ್ಟುಕೊಳ್ಳಿ. ಕೆ.ಆರ್.ಪೇಟೆಯಿಂದ, ನಾಗಮಂಗಲದಿಂದ, ಮಳವಳ್ಳಿಯಿಂದ ಮಕ್ಕಳು ಬಸ್ಸಿನಲ್ಲಿ ಬಂದಿದ್ದಾರೆ. ಬಾಡಿಗೆ ಕೊಟ್ಟಾಗಿದೆ. ಊಟಕ್ಕೆ ಹೇಳಿಯಾಗಿದೆ. ಅತಿಥಿಗಳು ಶಾಮಿಯಾನದಲ್ಲಿ ಕೂತಿದ್ದಾರೆ. ಸಂಜೆ ನಾಲ್ಕಕ್ಕೆ ಫೈನಲ್, ಮೋಡ ಕಪ್ಪಾಗಿದೆ, ದೂರದಲ್ಲಿ ಗುಡುಗುತ್ತಿದೆ. ಆಗ ಪಿ.ಟಿ. ಮೇಷ್ಟ್ರು ಒಬ್ಬರೇ ನಿಂತು ‘ಬೇಡ, ನಿಲ್ಲಿಸಿ’ ಅನ್ನಬೇಕು. ಎಷ್ಟು ಕಷ್ಟ ಅಲ್ವಾ? ಎಲ್ಲರೂ ಬಂದು ‘ಇನ್ನೊಂದು ಇಪ್ಪತ್ತು ನಿಮಿಷ ಸಾರ್, ಮುಗಿಸಿಬಿಡೋಣ’ ಅನ್ನುತ್ತಾರೆ. ಅದಕ್ಕೇ ನಾನು ಕೇಳಿಕೊಳ್ಳೋದು: ಟೂರ್ನಿಮೆಂಟಿನ ಹಿಂದಿನ ದಿನವೇ, ಯಾರಿಗೂ ತಲೆಬಿಸಿಯಿಲ್ಲದ ಹೊತ್ತಿನಲ್ಲಿ, ಏನಾದರೆ ನಿಲ್ಲಿಸುತ್ತೇವೆ ಅಂತ ಬರೆದಿಡಿ. ನಿಲ್ಲಿಸುವವರು ಯಾವ ಟೀಮಿಗೂ ಸೇರದ, ಖರ್ಚು ಹಾಕದ ಒಬ್ಬರಾಗಿರಲಿ. ಆಟದ ನಿಯಮದ ಪ್ರಕಾರ ರೆಫರಿಗೆ ಮ್ಯಾಚು ನಿಲ್ಲಿಸುವ, ಕೈಬಿಡುವ ಪೂರ್ತಿ ಅಧಿಕಾರ ಇದೆ. ಆದರೆ ನಮ್ಮಲ್ಲಿ ರೆಫರಿಯೂ ಆಯೋಜಕರು ಕರೆದ ಪರಿಚಯದವರೇ ಆಗಿರುತ್ತಾರೆ, ಅವರಿಗೂ ದಾಕ್ಷಿಣ್ಯ.

ನಮ್ಮ ಮೈಸೂರು ಮಂಡ್ಯದಲ್ಲಿ ಆಟಗಾರನ ಜೀವ ತೆಗೆಯಬಲ್ಲ ಹವಾಮಾನ ಅಂದರೆ ಏಪ್ರಿಲ್ ಮೇ ತಿಂಗಳ ಸಂಜೆಯ ಸಿಡಿಲು. 2024ರ ನವೆಂಬರ್‌ನಲ್ಲಿ ಪೆರು ದೇಶದಲ್ಲಿ ಮಳೆಗೆ ಆಟ ನಿಲ್ಲಿಸಿ ಆಟಗಾರರು ಮೈದಾನದಿಂದ ಹೊರಗೆ ನಡೆಯುತ್ತಿದ್ದಾಗಲೇ ಸಿಡಿಲು ಬಡಿದು ಒಬ್ಬರು ತೀರಿಕೊಂಡರು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಎಲ್ಲರೂ ಒಳಗೆ ಹೋಗಬೇಕು. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ವಾಪಸ್ ಬರಬಾರದು. ಒಳಗೆ ಅಂದರೆ ಗೋಡೆಯಿರುವ ಕಟ್ಟಡ, ಇಲ್ಲಾ ಕಿಟಕಿ ಮುಚ್ಚಿದ ಬಸ್ಸು. ಶಾಮಿಯಾನ ಅಲ್ಲ, ನಾಲ್ಕು ಕಂಬದ ತಗಡಿನ ಶೆಡ್ಡಲ್ಲ, ಮೈದಾನದ ಅಂಚಿನ ದೊಡ್ಡ ಮಳೆಮರದ ಬುಡ ಅಂತೂ ಅಲ್ಲವೇ ಅಲ್ಲ.

ಈಗ ಮಗಳ ವಿಷಯ. ಧನುರ್ಮಾಸದಲ್ಲಿ ಮೈಸೂರಿನ ಬೆಳಗು ಸಾಮಾನ್ಯವಾಗಿ ಹದಿನಾರು ಹದಿನೇಳು ಡಿಗ್ರಿ ಇರುತ್ತದೆ. 2012ರ ಜನವರಿಯಲ್ಲಿ ಎಂಟಕ್ಕಿಂತಲೂ ಕೆಳಗೆ ಇಳಿದಿತ್ತು, ಅಂಥದ್ದು ಅಪರೂಪ. ಈ ಚಳಿ ಫುಟ್‌ಬಾಲ್‌ಗೆ ಹೇಳಿ ಮಾಡಿಸಿದ್ದು. ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಓಡಿಸೋದಕ್ಕಿಂತ ನೂರು ಪಾಲು ವಾಸಿ. ನನಗೆ ಚಿಂತೆ ಇರೋದು ಬೆಳಿಗ್ಗೆ ಆರು ಗಂಟೆ ಅನ್ನೋದರ ಬಗ್ಗೆ. ಗಾಳಿ ಆಡದ ತಣ್ಣನೆ ಬೆಳಗಿನಲ್ಲಿ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ, ಅದರ ಮೇಲೆ ಬೆಚ್ಚಗಿನ ಪದರ ಮುಚ್ಚಳದ ಹಾಗೆ ಇರುತ್ತದೆ, ಹೊಗೆ ಮೇಲಕ್ಕೆ ಹೋಗೋದಿಲ್ಲ. ರಸ್ತೆ ಗುಡಿಸಿ ತರಗೆಲೆಗೆ ಬೆಂಕಿ ಹಾಕೋದೂ ಅದೇ ಹೊತ್ತಿಗೆ. ಮಂಡ್ಯ ಕಡೆ ಹೋದರೆ ಕಬ್ಬಿನ ತರಗು ಸುಡುವ ಹೊಗೆ, ಆಲೆಮನೆ ಹೊಗೆ. ಓಡುವ ಮಗು ಸುಮ್ಮನೆ ಕೂತ ಮಗುವಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ, ಆ ಹೊಗೆಯೆಲ್ಲ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಡಿಸೆಂಬರ್ ಜನವರಿಯಲ್ಲಿ ನನ್ನ ಹತ್ತಿರ ಕೆಮ್ಮು ಅಂತ ಬರುವ ಆಟದ ಮಕ್ಕಳಲ್ಲಿ ಬಹಳ ಜನಕ್ಕೆ ಕಾರಣ ಇದೇ, ಮನೆಯವರು ಮಾತ್ರ ಚಳಿ ಅಂದುಕೊಂಡು ಮಂಕಿ ಟೋಪಿ ಹಾಕಿ ಕಳಿಸುತ್ತಿರುತ್ತಾರೆ.

ಮಂಜಿನದು ಇನ್ನೊಂದು. ನಾಲೆ ಬಯಲಿನ ಊರುಗಳಲ್ಲಿ ಕೆಲವು ದಿನ ಒಂದು ಗೋಲಿನಿಂದ ಇನ್ನೊಂದು ಗೋಲು ಕಾಣೋದಿಲ್ಲ. 1937ರ ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ಚೆಲ್ಸಿ ಮತ್ತು ಚಾರ್ಲ್‌ಟನ್ ಮ್ಯಾಚು ಮಂಜಿಗೆ ನಿಂತುಹೋಯಿತು, ಎಲ್ಲರೂ ಒಳಗೆ ಹೋದರು, ಚಾರ್ಲ್‌ಟನ್ ಗೋಲ್‌ಕೀಪರ್ ಸ್ಯಾಮ್ ಬಾರ್ಟ್ರಮ್‌ಗೆ ಮಾತ್ರ ಅದು ಗೊತ್ತಾಗಲಿಲ್ಲ. ಎದುರಾಳಿ ಬರುತ್ತಾರೆ ಅಂತ ಕಾಯುತ್ತಾ ನಿಂತೇ ಇದ್ದರು, ಕೊನೆಗೆ ಒಬ್ಬ ಪೊಲೀಸು ಬಂದು ಹೇಳಬೇಕಾಯಿತು. ಎರಡೂ ಗೋಲು ಕಾಣದಿದ್ದರೆ ಆಟವಿಲ್ಲ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ನನಗೆ ಭಯ ಮೈದಾನಕ್ಕೆ ಹೋಗುವ ದಾರಿಯದು. ಆ ಮಂಜಿನಲ್ಲಿ, ಕತ್ತಲಲ್ಲಿ, ಸ್ಕೂಟರಿನಲ್ಲಿ ಅಪ್ಪನೋ ಅಮ್ಮನೋ ಮಗುವನ್ನ ಕೂರಿಸಿಕೊಂಡು ಬರುತ್ತಾರಲ್ಲ, ಫುಟ್‌ಬಾಲಿಗಿಂತ ಆ ಹತ್ತು ನಿಮಿಷದ ಸವಾರಿ ಅಪಾಯ.

ಹಾಗಾಗಿ ಕೋಚ್ ಹತ್ತಿರ ಮಾತಾಡಿ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟೋದೇ ಆರೂ ಮುಕ್ಕಾಲರ ಹತ್ತಿರ. ಶಿವರಾತ್ರಿ ತನಕ ಪ್ರಾಕ್ಟೀಸನ್ನ ಸಂಜೆ ನಾಲ್ಕೂವರೆಗೆ ಇಟ್ಟುಕೊಳ್ಳಿ ಅನ್ನಿ. ಸಂಜೆ ಆಗೋದಿಲ್ಲ ಅಂದರೆ ರಜೆ ದಿನಗಳಲ್ಲಿ ಬೆಳಿಗ್ಗೆ ಏಳೂವರೆ ಎಂಟಕ್ಕೆ, ಬಿಸಿಲು ಬಿದ್ದು ಹೊಗೆ ಸ್ವಲ್ಪ ಮೇಲೇಳುವ ಹೊತ್ತಿಗೆ. ಇಬ್ಬನಿಗೆ ಹುಲ್ಲು ಜಾರೋದೂ ಅಷ್ಟು ಹೊತ್ತಿಗೆ ಕಡಿಮೆ ಆಗಿರುತ್ತದೆ. ಒಬ್ಬರೇ ಕೇಳಿದರೆ ಕೋಚ್ ಒಪ್ಪದೇ ಇರಬಹುದು, ನಾಲ್ಕೈದು ಮಕ್ಕಳ ಮನೆಯವರು ಸೇರಿ ಕೇಳಿ. ಅವಳಿಗೆ ಸ್ವೆಟರ್ ಹಾಕಿ ಕಳಿಸಿ, ಮೈ ಬಿಸಿಯಾದ ಮೇಲೆ ತೆಗೆಯಲಿ, ಆಟ ಮುಗಿದ ಕೂಡಲೇ ಒಣ ಟೀಶರ್ಟು ಹಾಕಿಕೊಂಡು ಅದರ ಮೇಲೆ ಮತ್ತೆ ಹಾಕಿಕೊಳ್ಳಲಿ. ಜ್ವರ ಇದ್ದ ದಿನ, ಮೈಕೈ ನೋವಿದ್ದ ದಿನ ಮಾತ್ರ ಆಟ ಬೇಡವೇ ಬೇಡ, ವೈರಲ್ ಜ್ವರದಲ್ಲಿ ಜೋರಾಗಿ ಓಡಿದರೆ ಹೃದಯದ ಸ್ನಾಯುವಿಗೆ ಊತ ಬರುವ ಸಾಧ್ಯತೆ ಇದೆ. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ಆಡಬಹುದು. ಅತ್ತೆಯವರಿಗೆ, ಡಾಕ್ಟರು ಆರು ಗಂಟೆಗೆ ಕಳಿಸಬೇಡಿ ಅಂದರು ಅಂತ ಹೇಳಿ. ಅವರು ಕೇಳುತ್ತಿರೋದೂ ಅದನ್ನೇ ತಾನೇ.

ಈ ಭಾನುವಾರ ಮಗನ ಹತ್ತಿರ ಮಾತಾಡುವಾಗ ಆಟ ಮುಗಿದ ಮೇಲೆ ಕೆಮ್ಮು ಬರುತ್ತಾ ಅಂತ ಕೇಳಿ. ಇನ್ಹೇಲರ್ ಇದ್ದರೆ ಅದು ಕಿಟ್ ಬ್ಯಾಗಿನಲ್ಲಿದೆಯಾ, ರೂಮಿನಲ್ಲಿದೆಯಾ ಅಂತ ಕೇಳಿ. ಚಳಿಗೆ ಡಬ್ಬಿ ತಣ್ಣಗಾದರೆ ಔಷಧ ಸರಿಯಾಗಿ ಬರೋದಿಲ್ಲ, ಅದನ್ನ ಕೋಟಿನ ಒಳಜೇಬಿನಲ್ಲಿ ಇಟ್ಟು ಗೆರೆಯಾಚೆ ನಿಂತ ಗೆಳೆಯನ ಕೈಗೆ ಕೊಡಲಿ. ಡಬ್ಬಿಯ ಮೇಲಿನ ತಾರೀಖನ್ನೂ ಒಮ್ಮೆ ಓದಿ ಹೇಳು ಅನ್ನಿ, ಇಲ್ಲಿಂದ ಹೋಗುವಾಗ ತೆಗೆದುಕೊಂಡು ಹೋಗಿದ್ದಾದರೆ ಅವಧಿ ಮುಗಿದಿರಬಹುದು.